ಆಯಿಲ್ ಕಡಿಮೆಯಾಗದೆ ಬ್ರೇಕ್ ಪೆಡಲ್ ಇಳಿಯುತ್ತಿದ್ದರೆ

ನನ್ನದು 2003ರ ಮಾರುತಿ 800. ಮೈಸೂರಿನೊಳಗೆ ಓಡಾಟ, ಆಗೊಮ್ಮೆ ಈಗೊಮ್ಮೆ ಮಡಿಕೇರಿ ಕಡೆ. ಓಡುವಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ತೊಂದರೆ ಗೊತ್ತಾಗಿದ್ದು ಸಿಗ್ನಲ್‌ನಲ್ಲಿ ನಿಂತಾಗ. ಕಾಲನ್ನು ಹಗುರವಾಗಿ ಇಟ್ಟುಕೊಂಡು ಕೂತರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋಗುತ್ತಿತ್ತು. ಕಾಲೆತ್ತಿ ಇನ್ನೊಮ್ಮೆ ಒತ್ತಿದರೆ ಮತ್ತೆ ಮೇಲೇ ಗಟ್ಟಿ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿತ.

ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿ ಮೇಲಿನ ಗೆರೆಗೆ ಸರಿಯಾಗಿ ತುಂಬಿತ್ತು. ಜನ ದಾರಿ ತಪ್ಪುವುದು ಇಲ್ಲೇ. ಆಯಿಲ್ ಕಡಿಮೆ ಆಗಿಲ್ಲ, ಅಂದಮೇಲೆ ಲೀಕ್ ಇಲ್ಲ ಅಂತ ಅಂದುಕೊಳ್ಳುತ್ತಾರೆ. ಮನೆ ಹತ್ತಿರದ ಗ್ಯಾರೇಜಿನ ಹುಡುಗನೂ ಪೆಡಲ್ ಒತ್ತಿ ನೋಡಿ, "ಏರ್ ಹಿಡಿದಿದೆ ಸಾರ್, ಬ್ಲೀಡಿಂಗ್ ಮಾಡಿದ್ರೆ ಸರಿ ಹೋಗುತ್ತೆ" ಎಂದ. ಬ್ಲೀಡಿಂಗ್ ಅಂದರೆ ಪೆಡಲ್ ತುಳಿಯುತ್ತಾ ಲೈನಿನೊಳಗಿನ ಗಾಳಿಯನ್ನು ಆಯಿಲ್ ಸಮೇತ ಹೊರಗೆ ಬಿಡುವುದು. ನಾನು ಬೇಡ ಎಂದೆ.

ಪೆಡಲ್ ಸರಿಯಿಲ್ಲ ಅನ್ನುವುದರಲ್ಲೇ ಬೇರೆ ಬೇರೆ ಬಗೆ ಇದೆ. ಗಾಳಿ ಸೇರಿದ್ದರೆ ಪೆಡಲ್ ಮೆತ್ತಗಿರುತ್ತದೆ, ಒತ್ತಿದಷ್ಟೂ ಪುಟಿಯುತ್ತದೆ, ಆದರೆ ಒಂದು ಕಡೆ ನಿಲ್ಲುತ್ತದೆ. ಹಿಂದಿನ ಡ್ರಮ್ಮಿನ ಲೈನರ್ ಸವೆದು ಸಂದಿ ಜಾಸ್ತಿಯಾಗಿದ್ದರೆ ಪೆಡಲ್ ಮೊದಲ ಸಲ ಆಳಕ್ಕೆ ಹೋಗುತ್ತದೆ, ಎರಡು ಸಲ ಒತ್ತಿದರೆ ಮೇಲೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಒಂದೇ ಸಮನೆ ಒತ್ತಿ ಹಿಡಿದಾಗಲೂ ಇಳಿಯುತ್ತಲೇ ಹೋದರೆ ಆಯಿಲ್ ಎಲ್ಲಿಂದಲೋ ಜಾರುತ್ತಿದೆ ಎಂದೇ ಅರ್ಥ. ಹೊರಗೆ ಜಾರಿದರೆ ಡಬ್ಬಿ ಖಾಲಿಯಾಗುತ್ತದೆ. ಡಬ್ಬಿ ಹಾಗೇ ಇದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಪಂಪು) ಒಳಗೇ ಜಾರುತ್ತಿದೆ.

ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೊಳವೆಯೊಳಗೆ ಹಿಂದೆ ಮುಂದೆ ಎರಡು ಪಿಸ್ಟನ್. ಒಂದು ಲೈನ್ ಕೈಕೊಟ್ಟರೂ ಇನ್ನೊಂದರಲ್ಲಿ ಗಾಡಿ ನಿಲ್ಲಲಿ ಅಂತ ಈ ಏರ್ಪಾಡು. ಪಿಸ್ಟನ್ ಮೇಲೆ ರಬ್ಬರ್ ಕಪ್ ಇರುತ್ತದೆ. ಸೈಕಲ್ ಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ಹಿಂದಕ್ಕೆ ನುಸುಳುತ್ತದೆ ಅಲ್ವಾ, ಇಲ್ಲೂ ಅದೇ. ಒತ್ತಡಕ್ಕೆ ಸಿಕ್ಕ ಆಯಿಲ್ ಕಪ್ಪಿನ ಅಂಚು ದಾಟಿ ವಾಪಸ್ ಡಬ್ಬಿಗೇ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಜೋರಾಗಿ ಒತ್ತಿದರೆ ಒತ್ತಡಕ್ಕೆ ಕಪ್ಪಿನ ಅಂಚು ಅಗಲಿ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ಹಗುರವಾಗಿ ಒತ್ತಿದಾಗಲೇ ನುಸುಳುವುದು. ಹಾಗಾಗಿ ಟೆಸ್ಟ್ ಮಾಡುವಾಗ ಕಾಲಿನ ಭಾರ ಕಡಿಮೆ ಇರಲಿ. ಮೆಕ್ಯಾನಿಕ್ ಬಂದು ದಬ್ ಅಂತ ಒಂದು ಸಲ ತುಳಿದು "ಬ್ರೇಕ್ ಚೆನ್ನಾಗಿದೆಯಲ್ಲ" ಅಂದರೆ ಸುಮ್ನೆ ನಂಬಬೇಡಿ.

ಮೊದಲು ಬೂಸ್ಟರಿನ (ಎಂಜಿನ್ ಓಡುವಾಗ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಅನುಮಾನ ಕಳೆದುಕೊಂಡೆ. ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು. ಆ ಇಳಿತ ಸಹಜ, ಅದಕ್ಕೆ ಗಾಬರಿ ಬೇಡ. ನನ್ನದು ಎಂಜಿನ್ ಆಫ್ ಇದ್ದಾಗಲೂ ಇಳಿಯುತ್ತಿತ್ತು. ನಾಲ್ಕೂ ಚಕ್ರದ ಒಳಬದಿ, ಹೋಸ್, ಪೈಪಿನ ಜಾಯಿಂಟ್ ನೋಡಿದೆ. ಹಿಂದಿನ ಡ್ರಮ್ ಬಿಚ್ಚಿ ವೀಲ್ ಸಿಲಿಂಡರಿನ (ಆಯಿಲ್ ಒತ್ತಡಕ್ಕೆ ಲೈನರನ್ನು ಡ್ರಮ್ಮಿಗೆ ಒತ್ತುವ ಪುಟ್ಟ ಸಿಲಿಂಡರ್) ರಬ್ಬರ್ ಟೋಪಿ ಎತ್ತಿ ನೋಡಿದೆ. ಒಣಗಿತ್ತು. ಮಾಸ್ಟರಿನ ಹಿಂಬದಿಯಿಂದ ಬೂಸ್ಟರ್ ಒಳಕ್ಕೂ ಆಯಿಲ್ ಸೋರಬಹುದು. ಅಲ್ಲೂ ಪಸೆ ಇರಲಿಲ್ಲ.

ಇನ್ನು ಖಚಿತ ಮಾಡಿಕೊಳ್ಳುವುದು ಹೇಗೆ? ಕೆಲವರು ರಬ್ಬರ್ ಹೋಸ್‌ಗೆ ಕ್ಲ್ಯಾಂಪ್ ಹಾಕಿ ನೋಡುತ್ತಾರೆ. ಹಳೇ ಹೋಸ್ ಒಳಗೊಳಗೇ ಸೀಳುತ್ತದೆ, ನನಗೆ ಆ ದಾರಿ ಇಷ್ಟವಿಲ್ಲ. ಗುಜರಿಯಿಂದ ಹಳೇ ಬ್ರೇಕ್ ಪೈಪ್ ತಂದು, ತುದಿಗಳನ್ನು ನಟ್ ಸಮೇತ ಗೇಣುದ್ದಕ್ಕೆ ಕತ್ತರಿಸಿ, ಇನ್ನೊಂದು ಬಾಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬ್ರೇಜ್ ಮಾಡಿಸಿ ಮುಚ್ಚಿಸಿದೆ. ಮಾಸ್ಟರಿನ ಪೈಪುಗಳನ್ನು ಬಿಚ್ಚಿ ಆ ಜಾಗಕ್ಕೆ ಇವನ್ನು ಹಾಕಿದೆ. ನಟ್ ಚೂರು ಸಡಿಲ ಮಾಡಿ ಗಾಳಿ ಬಿಟ್ಟು ಬಿಗಿ ಮಾಡಿದೆ. ಈಗ ಮಾಸ್ಟರಿನಿಂದ ಆಯಿಲ್ ಹೊರಗೆ ಹೋಗಲು ದಾರಿಯೇ ಇಲ್ಲ. ಮಾಸ್ಟರ್ ಸರಿಯಿದ್ದರೆ ಪೆಡಲ್ ಅಲ್ಲಾಡಬಾರದು. ನನ್ನದು ಆಗಲೂ ಇಳಿಯಿತು. ಅಲ್ಲಿಗೆ ವಾದ ಮುಗಿಯಿತು. (ಎಬಿಎಸ್ ಇರುವ ಗಾಡಿಯಲ್ಲಿ ಇದೇ ಟೆಸ್ಟ್‌ಗೆ ಪೆಡಲ್ ಗಟ್ಟಿ ನಿಂತರೆ ಎಬಿಎಸ್ ಬ್ಲಾಕಿನ ಮೇಲೂ ಕಣ್ಣಿಡಬೇಕು.)

ಮಾಸ್ಟರ್ ಬಿಚ್ಚುವುದು ದೊಡ್ಡ ಕೆಲಸವೇನಲ್ಲ. ಪೈಪಿನ ನಟ್‌ಗೆ ಮಾತ್ರ ಸಾದಾ ಹತ್ತರ ಸ್ಪಾನರ್ ಹಾಕಬೇಡಿ, ಮೂಲೆ ಉರುಟಾಗುತ್ತದೆ. ಬಾಯಿ ತೆರೆದ ರಿಂಗಿನಂಥ ಪೈಪ್ ಸ್ಪಾನರ್ ಸಿಗುತ್ತದೆ, ಅದೇ ಬೇಕು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಪಕ್ಕದಲ್ಲೇ ನೀರಿನ ಮಗ್ ಇಟ್ಟುಕೊಂಡಿದ್ದೆ, ಬಿದ್ದ ಕಡೆ ತಕ್ಷಣ ತೊಳೆದೆ.

ಕುತೂಹಲಕ್ಕೆ ಹಳೆಯದನ್ನು ಬಿಚ್ಚಿದೆ. ಲಾಕ್ ತೆಗೆದರೆ ಪಿಸ್ಟನ್ ಸ್ಪ್ರಿಂಗ್ ಸಮೇತ ಹೊರಗೆ ಬಂತು. ಕಪ್ಪಿನ ಅಂಚು ಚೂಪಾಗಿರಬೇಕಾದದ್ದು ಒಂದು ಕಡೆ ದುಂಡಗಾಗಿ, ಸಣ್ಣ ಕಚ್ಚು ಬಿದ್ದಿತ್ತು. ಸಿಲಿಂಡರ್ ಒಳಗೆ ಟಾರ್ಚ್ ಬಿಟ್ಟರೆ ಇನ್ನೊಂದು ಕಥೆ. ಪಿಸ್ಟನ್ ದಿನಾ ಓಡಾಡುವಷ್ಟು ಉದ್ದ ಹೊಳೆಯುತ್ತಿತ್ತು. ಅದರಾಚೆ ಕಂದು ಬಣ್ಣದ ಪಟ್ಟೆ, ಬೆರಳಿಗೆ ಒರಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ವರ್ಷಗಟ್ಟಲೆ ಬದಲಿಸದಿದ್ದರೆ ಆಗುವುದು ಹೀಗೇ. ಬ್ಲೀಡಿಂಗ್ ಬೇಡ ಎಂದದ್ದು ಇದಕ್ಕೇ. ಬ್ಲೀಡಿಂಗ್ ಮಾಡುವಾಗ ಪೆಡಲನ್ನು ನೆಲಕ್ಕೆ ಮುಟ್ಟುವವರೆಗೆ ತುಳಿಯುತ್ತಾರೆ. ಆಗ ಕಪ್ ಆ ಒರಟು ಜಾಗದ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಅಲ್ಪಸ್ವಲ್ಪ ಉಳಿದಿದ್ದ ಅಂಚೂ ಹರಿಯುತ್ತದೆ. ಹಳೇ ಗಾಡಿಗೆ ಬ್ಲೀಡಿಂಗ್ ಮಾಡುವಾಗ ಪೆಡಲ್ ನೆಲ ಮುಟ್ಟದಂತೆ ಕೆಳಗೆ ಒಂದು ರೀಪರ್ ತುಂಡು ಇಡಿ.

ರಬ್ಬರ್ ಕಿಟ್ ಅಗ್ಗ, ಆದರೆ ಒಳಗೋಡೆ ನುಣುಪಾಗಿದ್ದರೆ ಮಾತ್ರ ಪ್ರಯೋಜನ. ನಾನು ಇಡೀ ಮಾಸ್ಟರ್ ತಂದೆ. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸ್ಪೇರ್‌ಗೆ ಬರವಿಲ್ಲ. ಹೊಸದನ್ನು ವೈಸ್‌ಗೆ ಕಚ್ಚಿಸಿ, ಬಾಯಿಗಳಿಂದ ಡಬ್ಬಿಗೇ ಟ್ಯೂಬ್ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ನನ್ನು ಸ್ಕ್ರೂಡ್ರೈವರಿನಿಂದ ನಿಧಾನಕ್ಕೆ ಒತ್ತಿದೆ. ಇದನ್ನು ಮಾಡದೆ ಗಾಡಿಗೆ ಕೂರಿಸಿದರೆ ಆಮೇಲೆ ಗಾಳಿ ತೆಗೆಯುವುದು ದೊಡ್ಡ ಗೋಳು. ಆಯಿಲ್ ಡಾಟ್ 3 ದರ್ಜೆಯದು, ಹೊಸ ಸೀಲಿನ ಡಬ್ಬಿ. ಡಾಟ್ 4 ಹಾಕಿದರೂ ನಡೆಯುತ್ತದೆ. ಡಾಟ್ 5 ಸಿಲಿಕೋನಿನದು, ಅದನ್ನು ಇದರ ಜೊತೆ ಬೆರೆಸಬಾರದು.

ಪೆಡಲ್ ತುಳಿಯಲು ಅಕ್ಕನ ಮಗನನ್ನು ಕೂರಿಸಿದೆ. "ಒತ್ತು" ಅಂದರೆ ಒತ್ತಬೇಕು, ನಾನು "ಬಿಡು" ಅನ್ನುವವರೆಗೆ ಕಾಲು ಎತ್ತಬಾರದು. "ಒತ್ತಿದೀನಿ ಮಾಮ" ಅಂದಮೇಲೆ ಚಕ್ರದ ಬಳಿಯ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ, ಅವನು ಕಾಲೆತ್ತುವ ಮೊದಲೇ ಬಿಗಿ ಮಾಡುತ್ತಿದ್ದೆ. ಮೊದಲು ಹಿಂದಿನ ಎಡ ಚಕ್ರ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಂಡರೆ ಸಾಕು.

ಆಮೇಲೆ ಹಗುರವಾಗಿ ಒತ್ತಿ ಹಿಡಿದೆ. ನಿಂತಿತು. ಚಕ್ರಗಳನ್ನು ಜ್ಯಾಕ್ ಮೇಲೆ ತಿರುಗಿಸಿಯೂ ನೋಡಿದೆ. ಬೂಸ್ಟರಿನ ರಾಡಿಗೂ ಹೊಸ ಪಿಸ್ಟನ್ನಿಗೂ ನಡುವೆ ಚೂರು ಸಂದಿ ಇರದಿದ್ದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಓಡುತ್ತಾ ಓಡುತ್ತಾ ಬಿಸಿಯಾಗಿ ಜಾಮ್ ಆಗುತ್ತದೆ. ನನ್ನದು ಸಲೀಸಾಗಿ ತಿರುಗಿದವು. ಮನೆ ಹಿಂದಿನ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟುಕೊಂಡೇ ಬ್ರೇಕ್ ಪರೀಕ್ಷೆ ಮಾಡಿದೆ.

ಹೊಸ ಮಾಸ್ಟರ್ ಹಾಕಿದರೆ ಲೈನಿನಲ್ಲಿ ಒತ್ತಡ ಪೂರ್ತಿ ನಿಲ್ಲುತ್ತದೆ. ಅಲ್ಲಿಯವರೆಗೆ ಅರೆಬರೆ ಒತ್ತಡದಲ್ಲಿ ಬಾಳಿದ್ದ ಹಳೇ ವೀಲ್ ಸಿಲಿಂಡರ್‌ಗಳು ಆಗ ಸೋರಲು ಶುರು ಮಾಡಬಹುದು. ನನ್ನ ಗಾಡಿಯ ಹಿಂದಿನ ಎಡ ಡ್ರಮ್ಮಿನಲ್ಲಿ ರಬ್ಬರ್ ಟೋಪಿಯ ಕೆಳಗೆ ಈಗ ಸ್ವಲ್ಪ ಪಸೆ ಕಾಣಿಸಿದೆ. ಎರಡೂ ಕಡೆಯ ಸಿಲಿಂಡರ್ ತಂದಿಟ್ಟಿದ್ದೇನೆ. ಅವು ಕೂರುವವರೆಗೆ ಕಾರು ಶೆಡ್ಡಿನಲ್ಲೇ.