ನಿಲ್ದಾಣದ ರ‍್ಯಾಂಪ್: ಇಂಚಿಗೊಂದು ಅಡಿ

ಬೆಂಗಳೂರಿನ ಬಸ್ ನಿಲ್ದಾಣಗಳಿಗೆ ಗಾಲಿಕುರ್ಚಿ ಹತ್ತುವಂತೆ ರ‍್ಯಾಂಪ್ ಹಾಕಿಸುವಾಗ ಮೇಸ್ತ್ರಿಗೆ ನಾವು ಕೊಡುವ ಲೆಕ್ಕ ಒಂದೇ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ನಕ್ಷೆಯಲ್ಲಿ 1:12 ಎಂದು ಬರೆಯುವುದು ಇದನ್ನೇ. ಫುಟ್‌ಪಾತಿನ ಅಂಚುಕಲ್ಲು 6 ಇಂಚು ಎತ್ತರ ಇದ್ದರೆ ಇಳಿಜಾರು 6 ಅಡಿ, ಅಗಲ ಕನಿಷ್ಠ 4 ಅಡಿ. ಪರೀಕ್ಷೆಗೆ 2 ಅಡಿಯ ರಸಮಟ್ಟ ಸಾಕು. ಇಳಿಜಾರಿನ ಮೇಲಿಟ್ಟು ಗುಳ್ಳೆ ನಡುವೆ ಬರುವ ತನಕ ತಗ್ಗಿನ ತುದಿ ಎತ್ತಬೇಕು. ಎತ್ತಿದ ತುದಿಯ ಕೆಳಗಿನ ಸಂದು 2 ಇಂಚು ದಾಟಿದರೆ ಕಡಿದಾಯಿತೆಂದೇ ಅರ್ಥ. ಕಾಂಕ್ರೀಟ್ ಹಸಿ ಇರುವಾಗಲೇ ನೋಡಿದರೆ ಜಗಳ ಕಡಿಮೆ.

ಫುಟ್‌ಪಾತಿನ ಅಗಲವೇ 6 ಅಡಿ ಇರುವ ಕಡೆ ಈ ಲೆಕ್ಕ ಕೈಕೊಡುತ್ತದೆ. ರ‍್ಯಾಂಪ್ ಇಡೀ ಅಗಲ ನುಂಗಿ, ನೇರ ನಡೆಯುವವರ ಕಾಲಡಿ ಓರೆಯಾಗುತ್ತದೆ. ಅಂಥಲ್ಲಿ ಫುಟ್‌ಪಾತನ್ನೇ ಎರಡೂ ಬದಿಯಿಂದ 6 ಅಡಿ ಉದ್ದಕ್ಕೆ ಇಳಿಸಿ, ನಡುವೆ 5 ಅಡಿ ಜಾಗ ರಸ್ತೆಮಟ್ಟಕ್ಕೆ ತರುತ್ತೇವೆ. ರ‍್ಯಾಂಪನ್ನು ರಸ್ತೆಗೆ ಚಾಚುವುದಂತೂ ಬೇಡ, ಮಳೆನೀರಿನ ದಾರಿ ಕಟ್ಟುತ್ತದೆ. ಬೈಕು ಹತ್ತದಂತೆ ಗಿಡ್ಡ ಕಂಬ ನೆಡುವವರಿಗೆ ಒಂದು ಮಾತು: 3 ಅಡಿ ಸಂದು ಬಿಟ್ಟರೆ ಬೈಕೂ ನುಗ್ಗುತ್ತದೆ, 2 ಅಡಿಗಿಳಿಸಿದರೆ ಗಾಲಿಕುರ್ಚಿಯೇ ಹೊರಗುಳಿಯುತ್ತದೆ. ನಾವು 3 ಅಡಿಯನ್ನೇ ಬಿಡುತ್ತೇವೆ.

ಇನ್ನು ಬಸ್ಸು. ತಗ್ಗು ನೆಲದ ಬಸ್ಸಿನ ನೆಲ ರಸ್ತೆಯಿಂದ 400 ಮಿ.ಮೀ. ಫುಟ್‌ಪಾತ್ 150 ಮಿ.ಮೀ. ಇದ್ದರೆ ಉಳಿಯುವುದು 250. ಬಸ್ಸಿನ ಮಡಚು ಹಲಗೆ ಇಷ್ಟನ್ನು ಸರಿದೂಗಿಸಬೇಕಾದರೆ ಬಸ್ಸು ಅಂಚುಕಲ್ಲಿಗೆ ಅಂಟಿಯೇ ನಿಲ್ಲಬೇಕು. ಬಸ್ಸು ನಿಲ್ಲಲೆಂದು ಫುಟ್‌ಪಾತನ್ನು ಒಳಕ್ಕೆ ಕೊರೆದು ಮಾಡಿದ ಬಸ್ ಬೇಯಲ್ಲಿ ಅದು ನಡೆಯದು: ಮುಂದೆ ಆಟೊ ನಿಂತಿರುತ್ತದೆ, ಚಾಲಕರು ಮೂತಿ ಮಾತ್ರ ತೂರಿಸುತ್ತಾರೆ, ಗಾಲಿಕುರ್ಚಿ ಹತ್ತುವ ನಡುಬಾಗಿಲು ಮಾರು ದೂರ ಉಳಿಯುತ್ತದೆ. ರಸ್ತೆಬದಿ ಪಾರ್ಕಿಂಗ್ ಇರುವ ಕಡೆ ಬೇ ಮುಚ್ಚಿ, ಫುಟ್‌ಪಾತನ್ನೇ ಬಸ್ಸಿನ ತನಕ ಹಿಗ್ಗಿಸುವುದು ಮೇಲು. ತಂಗುದಾಣದ ಕಂಬ ನೆಡುವ ಮುನ್ನ ಹತ್ತು ಬಸ್ಸು ನಿಂತಾಗ ನಡುಬಾಗಿಲಿನೆದುರು ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಗಳು ಗುಂಪಾದಲ್ಲಿ 5 ಅಡಿ ಚೌಕ ಖಾಲಿ ಬಿಡಬೇಕು, ಜಾಹೀರಾತು ಫಲಕವೂ ಅಲ್ಲಿ ಬರಬಾರದು.

ಕಟ್ಟಿದ್ದನ್ನು ಕೆಡಿಸುವುದು ಡಾಂಬರು. ಹಳೆಯ ಪದರ ಕೆರೆಯದೆ ಹೊಸದು ಹಾಕಿದರೆ ರಸ್ತೆ ಒಂದೆರಡು ಇಂಚು ಏರಿ, ರ‍್ಯಾಂಪಿನ ಬುಡ ಹೊಂಡವಾಗಿ, ಗಾಲಿಕುರ್ಚಿಯ ಮುಂಗಾಲಿ ಅಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ‘ರ‍್ಯಾಂಪಿನೆದುರು ಹಳೆ ಡಾಂಬರು ಕೆರೆದು ಹಾಕುವುದು’ ಎಂಬ ಸಾಲು ಎಸ್ಟಿಮೇಟಿನಲ್ಲೇ ಇರಬೇಕು. ರೋಲರ್ ಬಂದು ನಿಂತ ಮೇಲೆ ಕೇಳಿದರೆ ಯಾರೂ ಕೆರೆಯುವುದಿಲ್ಲ.