ಯಂತ್ರಾನುವಾದದ ಖರ್ಚು: ದರಪಟ್ಟಿಯಲ್ಲಿ ಕಾಣದ ಬಾಬತ್ತು

ಪಂಪ್‌ಸೆಟ್, ಸ್ಪ್ರೇಯರ್, ಸ್ಪ್ರಿಂಕ್ಲರ್ ಮಾರುವ ಸಂಸ್ಥೆಯೊಂದರ ಇಂಗ್ಲಿಷ್ ವಿವರಣೆಗಳನ್ನು ಕನ್ನಡ, ತೆಲುಗು ಮತ್ತು ಮರಾಠಿಗೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಮಾಡಿದ್ದು ದರಪಟ್ಟಿಯ ಲೆಕ್ಕ. ನಾನು ನೋಡಿದ ಹೊತ್ತಿಗೆ ಹತ್ತು ಲಕ್ಷ ಅಕ್ಷರಗಳಿಗೆ ಗೂಗಲ್‌ನ ಯಂತ್ರಾನುವಾದ ಸೇವೆಯ ದರ 20 ಡಾಲರ್, ಅಮೆಜಾನ್‌ನದು 15, ಮೈಕ್ರೋಸಾಫ್ಟ್‌ನದು 10. ಒಂದು ಕೋಟಿ ಅಕ್ಷರಗಳ ಪಠ್ಯವನ್ನು ಮೂರು ಭಾಷೆಗೆ ಕಳಿಸಿದರೆ ಅದು ಮೂರು ಕೋಟಿ ಎಂದೇ ಎಣಿಕೆಯಾಗುವುದರಿಂದ, ಬಿಲ್ಲು 300ರಿಂದ 600 ಡಾಲರ್‌ಗಳ ನಡುವೆ ನಿಲ್ಲುತ್ತದೆ. ಖಾಲಿ ಜಾಗಗಳಿಗೂ ದುಡ್ಡು ತೆರಬೇಕು. ಒಮ್ಮೆ ಅನುವಾದವಾದ ವಾಕ್ಯವನ್ನು ನಮ್ಮಲ್ಲೇ ಉಳಿಸಿಕೊಳ್ಳದಿದ್ದರೆ ಅದೇ ವಾಕ್ಯಕ್ಕೆ ಮತ್ತೆ ಮತ್ತೆ ತೆರಬೇಕು.

ರೈತರು ಕನ್ನಡದಲ್ಲಿ ಬರೆದ ಪ್ರಶ್ನೆಗಳನ್ನು ಇಂಗ್ಲಿಷಿಗೆ ತರುವಾಗ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಸೇವೆಗಳು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಹೀಗೆ ಪ್ರತಿಯೊಂದು ಬಿಡಿ ಭಾಗವನ್ನು. ಕಣ್ಣಿಗೆ ಮೂರ್ನಾಲ್ಕು ಅಕ್ಷರವಾಗಿ ಕಾಣುವ ‘ಸ್ಪ್ರಿಂಕ್ಲರ್’ ಅವುಗಳಿಗೆ 12. ಅಮೆಜಾನ್‌ನ ತಕ್ಷಣದ ಅನುವಾದ ಸೇವೆಯಲ್ಲಿ ಒಂದು ಸಲಕ್ಕೆ 10,000 ಬೈಟ್‌ಗಳ ಮಿತಿಯಿದ್ದು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ ಸುಮಾರು 3,300 ಸಂಕೇತಗಳಿಗೇ ಅದು ಮುಗಿಯುತ್ತದೆ.

ಇಷ್ಟಾದರೂ ಇದು ಸಣ್ಣ ಖರ್ಚೇ. ದೊಡ್ಡದು ತಿದ್ದುವವರ ಸಮಯ, ಮತ್ತು ಅದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ. ಗ್ರಾಹಕರ ಹೆಸರು ಬಂದು ಕೂರಬೇಕಾದ ಖಾಲಿ ಗುರುತಿನ ಮುಂದೆ ಯಂತ್ರ ಯಾಂತ್ರಿಕವಾಗಿ ‘ಗೆ’ ಸೇರಿಸುತ್ತಿತ್ತು. ಗೀತಾ ಎಂಬ ಹೆಸರಿಗೆ ಅದು ಹೊಂದುತ್ತದೆ, ಆದರೆ ಕೃಷ್ಣಪ್ಪನವರು ‘ಕೃಷ್ಣಪ್ಪಗೆ’ ಆಗಿಬಿಡುತ್ತಾರೆ. ಪ್ರತಿ ವಾಕ್ಯವನ್ನೂ ಬೇರೆಬೇರೆಯಾಗಿ ಕಳಿಸಿದಾಗ ಒಂದೇ ಪುಟದಲ್ಲಿ ‘ನೀವು’ ಮತ್ತು ‘ನೀನು’ ಎರಡೂ ನುಸುಳುತ್ತಿದ್ದವು. ಸೇವೆ ಬದಲಿಸಿ ನೋಡುವುದಕ್ಕಿಂತ ಇಂಗ್ಲಿಷ್ ಮೂಲವನ್ನೇ ತಿದ್ದಿದ್ದು, ಅಂದರೆ ಹೆಸರನ್ನು ವಾಕ್ಯದಿಂದ ಹೊರತೆಗೆದು ‘ಗ್ರಾಹಕರು: ಕೃಷ್ಣಪ್ಪ’ ಎಂದು ಬರುವಂತೆ ಮಾಡಿದ್ದು, ಹೆಚ್ಚು ಫಲ ಕೊಟ್ಟಿತು.

ಗುಣಮಟ್ಟ ಅಳೆಯಲು ಎಲ್ಲರೂ ಉಲ್ಲೇಖಿಸುವ ಬ್ಲೂ (BLEU) ಎಂಬ ಅಂಕವನ್ನು ನಾನು ಬದಿಗಿಟ್ಟೆ. ಮನುಷ್ಯರು ಮಾಡಿದ ಅನುವಾದದ ಜೊತೆ ಇಡೀ ಪದ ಹೊಂದಿದರೆ ಮಾತ್ರ ಅದು ಅಂಕ ಕೊಡುತ್ತದೆ. ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ‘ತೋಟದಲ್ಲಿ’ ಎಂಬಲ್ಲಿ ‘ತೋಟದೊಳಗೆ’ ಎಂದು ಬಂದರೂ ಪೂರ್ತಿ ತಪ್ಪೆಂದೇ ಎಣಿಸುತ್ತದೆ. ಅಕ್ಷರಗಳ ಮಟ್ಟದಲ್ಲಿ ಹೋಲಿಸುವ ಸಿಎಚ್‌ಆರ್‌ಎಫ್ (chrF) ಎಂಬ ಅಂಕ ವಾಸಿ. ಆದರೆ ಕೊನೆಗೆ ನಾನು ನಂಬಿದ್ದು, ಒಂದು ಪುಟವನ್ನು ಪ್ರಕಟಿಸುವ ಮಟ್ಟಕ್ಕೆ ತರಲು ತಿದ್ದುವವರಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು.

ಅನುವಾದದ ಮಾದರಿಯೊಂದನ್ನು ನಾವೇ ನಡೆಸುವ ದಾರಿಯನ್ನೂ ಪರಿಶೀಲಿಸಿದೆ. ಮೆಟಾದ ಎನ್‌ಎಲ್‌ಎಲ್‌ಬಿ-200 ಮಾದರಿಯ ಪರವಾನಗಿ ವಾಣಿಜ್ಯ ಬಳಕೆಗೆ ಅವಕಾಶ ಕೊಡುವುದಿಲ್ಲವಾದ್ದರಿಂದ ಅದನ್ನು ಆರಂಭದಲ್ಲೇ ಕೈಬಿಟ್ಟೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2ಕ್ಕೆ ಆ ತೊಡಕಿಲ್ಲ. ಆದರೆ ಅದನ್ನು ನಡೆಸಲು ಬೇಕಾದ ಜಿಪಿಯು ಎಂಬ ಶಕ್ತಿಶಾಲಿ ಚಿಪ್ಪನ್ನು ಬಾಡಿಗೆಗೆ ಪಡೆದು ಗಂಟೆಯ ಲೆಕ್ಕದಲ್ಲಿ ಹಣ ಕೊಡುವಾಗ, ಆ ಚಿಪ್ಪಿಗೆ ದಿನವಿಡೀ ಕೆಲಸವಿದ್ದರೆ ಮಾತ್ರ ಗಿಟ್ಟುತ್ತದೆ. ಹಾಗಾಗಿ ಹಳೆಯ ದಾಸ್ತಾನಿನ ಪಠ್ಯವನ್ನೆಲ್ಲ ಇಂಡಿಕ್‌ಟ್ರಾನ್ಸ್2ಕ್ಕೆ ಒಟ್ಟಿಗೆ ಕೊಟ್ಟು, ದಿನದಿನದ ಸಣ್ಣ ಬದಲಾವಣೆಗಳಿಗೆ ಪಾವತಿ ಸೇವೆಯನ್ನೇ ಉಳಿಸಿಕೊಂಡೆವು. ವಿದ್ಯುತ್ ಸಂಪರ್ಕದ ಎಚ್ಚರಿಕೆಗಳನ್ನೂ ಕೀಟನಾಶಕ ಬೆರೆಸುವ ಪ್ರಮಾಣವನ್ನೂ ಮಾತ್ರ ಯಾವ ಯಂತ್ರಕ್ಕೂ ಕಳಿಸಲಿಲ್ಲ. ಅವನ್ನು ಮೊದಲಿಂದಲೂ ಅನುವಾದಕರೇ ಬರೆದರು.