ಟರ್ಬೊ ಜಿಪ್ಸಿಯ ಹೆಡ್ ಸ್ಟಡ್: ನೀರು ಉಕ್ಕುವುದು ನಿಂತ ಬಗೆ

ಜಿಪ್ಸಿಯ 1.3 ಪೆಟ್ರೋಲ್ ಇಂಜಿನ್‌ಗೆ ಟರ್ಬೊ ಹಾಕಿ, ಹೆಡ್ (ಇಂಜಿನ್ ಬ್ಲಾಕಿನ ಮೇಲಿನ ಮುಚ್ಚಳ) ಬಿಗಿಯುವ ಬೋಲ್ಟ್ ಬದಲು ಸ್ಟಡ್ (ಬ್ಲಾಕಿಗೆ ಕೂರಿಸಿ ಮೇಲಿಂದ ನಟ್ ಹಾಕುವ ಕಡ್ಡಿ) ಕೂರಿಸಿದ್ದೆ. ಘಾಟಿ ಹತ್ತುವಾಗ ರೇಡಿಯೇಟರ್ ನೀರು ಉಕ್ಕಿ ಪಕ್ಕದ ಡಬ್ಬಿಗೆ ಬರುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದರೂ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿ, ಅಂದರೆ ಹೆಡ್ ಸರಿಯಾಗಿ ಕೂರದೆ ಇಂಜಿನ್ ಒಳಗಿನ ಗ್ಯಾಸ್ ನೀರಿಗೆ ನುಗ್ಗುತ್ತಿತ್ತು.

ರೇಡಿಯೇಟರ್ ಕ್ಯಾಪ್, ಥರ್ಮೋಸ್ಟಾಟ್ ಬದಲಿಸಿದೆ. ಹೆಡ್ ಫೇಸಿಂಗ್ (ತಳ ಸಮ ಮಾಡುವುದು) ಮಾಡಿಸಿ, ಹೆಡ್ ಮತ್ತು ಬ್ಲಾಕ್ ನಡುವೆ ಹೊಸ ಗ್ಯಾಸ್ಕೆಟ್ ಹಾಕಿದೆ. ತಡೆದಿದ್ದು ಒಂದೇ ವಾರ. ನಟ್ ಸಡಿಲಿಸದೆ ಮೇಲಿಂದ ಟಾರ್ಕ್ ವ್ರೆಂಚ್ (ಹೊಂದಿಸಿದಷ್ಟು ಬಿಗಿ ಬಂದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ಇಟ್ಟರೆ ತಕ್ಷಣ ಕ್ಲಿಕ್. ಅದನ್ನೇ ನಂಬಿದ್ದು ತಪ್ಪು. ನಿಂತ ನಟ್ ಹಿಡಿದುಕೊಂಡಿರುತ್ತೆ, ಅಲುಗುವ ಮೊದಲೇ ಕ್ಲಿಕ್ ಆಗುತ್ತೆ.

ಮತ್ತೆ ಹೆಡ್ ಬಿಚ್ಚಿದೆ. ಬ್ಲಾಕಿನ ತೂತುಗಳಲ್ಲಿದ್ದ ನೀರು, ಎಣ್ಣೆಯನ್ನು ಗಾಳಿ ಹೊಡೆದು ಪೂರ್ತಿ ತೆಗೆದೆ. ಸ್ಟಡ್‌ಗಳನ್ನು ಬರೀ ಕೈಯಲ್ಲಿ ತಿರುಗಿಸಿ ಕೂರಿಸಿದೆ, ಸ್ಪ್ಯಾನರ್ ಮುಟ್ಟಲಿಲ್ಲ. ನಟ್‌ನ ಒಳಗಿನ ಥ್ರೆಡ್‌ಗೂ ವಾಷರ್ ಮೇಲ್ಭಾಗಕ್ಕೂ ಕಿಟ್‌ನಲ್ಲಿ ಬಂದ ಗ್ರೀಸ್. ವಾಷರ್ ಕೆಳಭಾಗಕ್ಕೆ ಹಚ್ಚಲೇಬೇಡಿ. ನಡುವಿನ ಎರಡರಿಂದ ಶುರು ಮಾಡಿ ಸುತ್ತುತ್ತಾ ಹೊರಕ್ಕೆ: ಹತ್ತಕ್ಕೂ 30, ಆಮೇಲೆ 55, ಕೊನೆಗೆ 80 ನ್ಯೂಟನ್ ಮೀಟರ್. ಇದು ನನ್ನ ಕಿಟ್‌ನ ಚೀಟಿಯ ಲೆಕ್ಕ, ನಿಮ್ಮದು ಬೇರೆ ಇರಬಹುದು.

ಇಂಜಿನ್ ಬಿಸಿ ಮಾಡಿ, ರಾತ್ರಿಯಿಡೀ ಆರಲು ಬಿಟ್ಟೆ. ಬೆಳಿಗ್ಗೆ ನಟ್ ಮತ್ತು ಹೆಡ್ ಮೇಲೆ ಬಿಳಿ ಪೇಂಟಿನ ಗೆರೆ. ಅದೇ ಕ್ರಮದಲ್ಲಿ ಒಂದೊಂದೇ ನಟ್ ಕಾಲು ಸುತ್ತು ಸಡಿಲಿಸಿ, ಒಂದೇ ಎಳೆತದಲ್ಲಿ 80. ಎರಡನ್ನು ಒಟ್ಟಿಗೆ ಸಡಿಲಿಸಬಾರದು. ಎಲ್ಲಾ ಗೆರೆಗಳೂ ಹಳೆ ಜಾಗ ದಾಟಿ ಮುಂದೆ ನಿಂತವು, ನಡುವಿನವು ಜಾಸ್ತಿ; ಅಂದರೆ ಮೊದಲಿನ ಬಿಗಿ ಇಳಿದಿತ್ತು. 500 ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಮಾಡಿದಾಗ ಗೆರೆ ಅಲ್ಲಲ್ಲೇ ಕೂಡಿತು. ಈಗ ಬೆಳಿಗ್ಗೆ ಹೋಸ್ ಮೆತ್ತಗಿರುತ್ತದೆ.